ನಾಲ್ಕು ಮೂಲೆಗೂ ಅರಿಸಿನ

ಎಲ್ಲಕ್ಕೂ ಕಾರಣ ಒಂದು ಟವೆಲ್ಲು.

ಭಾನುವಾರ ಬೆಳಿಗ್ಗೆ ಆದಿನಾರಾಯಣ ಹಲ್ಲುಜ್ಜಲು ಹಿತ್ತಲಿಗೆ ಬಂದಾಗ ಅದು ಹಗ್ಗದ ಮೇಲೆ ಒಣಗುತ್ತಿತ್ತು. ಹೊಚ್ಚ ಹೊಸ ಬಿಳಿ ಟವೆಲ್ಲು. ನಾಲ್ಕು ಮೂಲೆಗೂ ಅರಿಸಿನ. ಬೇರೆ ಯಾರ ಮನೆಯಲ್ಲಾದರೂ ಅದು ಮೈ ಒರೆಸುವ ಬಟ್ಟೆ. ಹಲಸೂರಿನ ಕಟ್ಟಿನ ಸಂಜೀವಪ್ಪನವರ ಮನೆಯಲ್ಲಿ ಮಾತ್ರ ಅದು ಕಿರೀಟ.

ಸಂಜೀವಪ್ಪನವರು ಮೂಳೆ ಕಟ್ಟುವವರು. ಮಾವಿನ ಮರದಿಂದ ಬಿದ್ದ ಪೋರರು, ಗರಡಿಯ ಪೈಲ್ವಾನರು, ದಂಡಿನ ಮೈದಾನದಲ್ಲಿ ಫುಟ್‌ಬಾಲ್ ಆಡಿ ಕಾಲು ತಿರುಚಿಕೊಂಡ ಗೋರಾ ಸೋಲ್ಜರುಗಳು, ಎಲ್ಲರೂ ಅವರ ಜಗಲಿಯ ಮೇಲೆ ಒಂದೇ ಭಾಷೆಯಲ್ಲಿ ಅತ್ತವರೇ. ಅವರು ನೀವಿ, ಎಳೆದು, ‘ಲಟಕ್’ ಎಂದು ಮೂಳೆಯನ್ನು ಕೂರಿಸಿ, ಮೊಟ್ಟೆಯ ಬಿಳಿಯಲ್ಲಿ ಕಲಸಿದ ಉದ್ದಿನ ಹಿಟ್ಟು ಬಳಿದು, ಬಿದಿರಿನ ದಬ್ಬೆ ಕಟ್ಟಿ, ಕೊನೆಗೆ ಒಂದು ಸೊಪ್ಪಿನ ರಸ ಬಿಡುತ್ತಿದ್ದರು. ಆ ಸೊಪ್ಪಿನ ಹೆಸರು ಆ ಮನೆಯ ಗುಟ್ಟು. ಬಲ್ಲವರು ವಯಸ್ಸಾದ ಮೇಲೆ ತಾವೇ ಆರಿಸಿದ ಒಬ್ಬರ ಬಲಗಿವಿಯಲ್ಲಿ ಅದನ್ನು ಹೇಳಿ, ಹೆಗಲಿಗೆ ಅರಿಸಿನ ಹಚ್ಚಿದ ಹೊಸ ಟವೆಲ್ಲು ಹಾಕಿದರೆ ಪಟ್ಟಾಭಿಷೇಕ ಮುಗಿದ ಹಾಗೆ.

ಅಜ್ಜಿಯರ ಕತೆಯಲ್ಲಿ ಪಟ್ಟದಾನೆ ಸೊಂಡಿಲಲ್ಲಿ ಹೂಮಾಲೆ ಹಿಡಿದು ಬೀದಿ ಬೀದಿ ಸುತ್ತುತ್ತದೆ; ಯಾರ ಕೊರಳಿಗೆ ಹಾಕುತ್ತದೋ ಅವನೇ ರಾಜ. ಆನೆ ತನ್ನ ಕಡೆಗೆ ಬರುವುದನ್ನು ಕಂಡು ಕಾಲಿಗೆ ಬುದ್ಧಿ ಹೇಳಿದ ಹಾದಿಹೋಕ ಯಾವ ಕತೆಯಲ್ಲೂ ಇಲ್ಲ. ಇದ್ದಿದ್ದರೆ ಅವನ ಹೆಸರು ಆದಿನಾರಾಯಣ ಎಂದೇ ಇರುತ್ತಿತ್ತು.

ಯಾಕೆಂದರೆ ಆ ‘ಲಟಕ್’ ಕೇಳಿದರೆ ಅವನಿಗೆ ಮೂರ್ಛೆ ಬರುತ್ತಿತ್ತು. ಇಪ್ಪತ್ತೈದು ವರ್ಷದ ಗಂಡಸು, ಮೇಲಾಗಿ ಮೀಸೆ ಬಿಟ್ಟವನು. ಹೋದ ದೀಪಾವಳಿಯಲ್ಲಿ ಒಬ್ಬ ಹವಾಲ್ದಾರನ ಭುಜ ಕೂರಿಸುವಾಗ ಅವನನ್ನು ಹಿಡಿದುಕೊಳ್ಳಲು ನಿಂತಿದ್ದ ಆದಿನಾರಾಯಣ, ಸದ್ದಾದ ಕೂಡಲೇ ಹವಾಲ್ದಾರನ ಮಡಿಲಿಗೇ ಒರಗಿಬಿಟ್ಟ. ಪಾಪ ಹವಾಲ್ದಾರ ತನ್ನ ನೋವು ಮರೆತು, ನೆಟ್ಟಗಿದ್ದ ಕೈಯಲ್ಲಿ ಇವನಿಗೆ ಗಾಳಿ ಹಾಕಿದ. ಇಂಥ ಹೊತ್ತಿನಲ್ಲೆಲ್ಲ ಒಳಗಿನಿಂದ ಅವನ ಹೆಂಡತಿ ಯಶೋದೆ ಸೆರಗು ಸಿಕ್ಕಿಸಿಕೊಂಡು ಬಂದು ಒಂದು ಕೈಯಲ್ಲಿ ಗಂಡನನ್ನೂ ಇನ್ನೊಂದರಲ್ಲಿ ರೋಗಿಯನ್ನೂ ಹಿಡಿದುಕೊಳ್ಳುತ್ತಿದ್ದಳು.

ಇನ್ನೊಂದು ಕಾರಣ ಅವನ ಅಂಗಿಯ ಒಳಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು. ವಿಮಾನದ ಕಾರ್ಖಾನೆಯ ಕಾಗದ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಇದನ್ನು ಗೇಟಿನಲ್ಲಿ ತೋರಿಸಿದರೆ ರೆಕ್ಕೆಗೆ ರಿವೆಟ್ಟು ಹೊಡೆಯುವ ಕೆಲಸ. ತೋರಿಸದಿದ್ದರೆ ಸಾಲಿನಲ್ಲಿ ಹಿಂದೆ ನಿಂತವನಿಗೆ. ಯುದ್ಧದ ಕಾಲ, ಸಾಲು ಉದ್ದವಾಗಿತ್ತು. ಆದಿನಾರಾಯಣ ಮೂರು ತಿಂಗಳಿಂದ ತಗಡಿನ ಕನಸು ಕಾಣುತ್ತಿದ್ದ. ತಗಡು ಎಷ್ಟು ಬಡಿದರೂ ಅಳುವುದಿಲ್ಲ, ‘ಅಮ್ಮಾ’ ಅನ್ನುವುದಿಲ್ಲ.

ಇದನ್ನು ಅಪ್ಪನಿಗೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ಕಷ್ಟವಿದ್ದದ್ದೇ ಅಲ್ಲಿ. ಹಿರಿಯರಿಗೆ ‘ಆಗಲ್ಲ’ ಎಂದು ಹೇಳುವ ನಾಲಿಗೆಯನ್ನು ಬ್ರಹ್ಮ ಅವನಿಗೆ ಕೊಟ್ಟೇ ಇರಲಿಲ್ಲ. ಸಂಜೀವಪ್ಪನವರು ಕೆಮ್ಮಿದರೆ ಕೂತಲ್ಲಿಂದ ಎದ್ದು ನಿಲ್ಲುವುದು ಅವನಿಗೆ ಚಿಕ್ಕಂದಿನ ಅಭ್ಯಾಸ. ಊಟದ ನಡುವೆ ಕೆಮ್ಮಿದರೆ ತುತ್ತು ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದ. ಮಳೆಗಾಲದಲ್ಲಿ ಅಪ್ಪನಿಗೆ ನೆಗಡಿಯಾದರೆ ಮಗನ ಮಂಡಿ ನೋಯುತ್ತಿತ್ತು.

“ಈ ಟವೆಲ್ಲು ಯಾರು ತಂದಿದ್ದು?” ಎಂದು ಕೇಳಿದ.

“ನಾನೇ. ಮಾವ ಹೇಳಿದ್ರು,” ಎಂದಳು ಯಶೋದೆ, ಒರಳಿನಿಂದ ಕಣ್ಣೆತ್ತದೆ. ಅವಳ ಕಿವಿ ಕೆಂಪಾಗಿತ್ತು. ರುಬ್ಬಿದ ಶ್ರಮ ಇರಬೇಕು ಅಂದುಕೊಂಡ.

ಅಷ್ಟರಲ್ಲಿ ಜಗಲಿಯಿಂದ ಕೆಮ್ಮು ಕೇಳಿಸಿತು. ಆದಿನಾರಾಯಣ ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡೇ ನೆಟ್ಟಗೆ ನಿಂತ.

“ಆದೀ, ಸಂಜೆ ದೀಪ ಹಚ್ಚೋ ಹೊತ್ಗೆ ಮನೇಲಿರು. ಒಂದ್ ಮಾತು ಹೇಳೋದಿದೆ.” ಸಂಜೀವಪ್ಪನವರು ಯಾಕೋ ಕಂಬದ ಕಡೆಗೆ ತಿರುಗಿ ಮಾತಾಡುತ್ತಿದ್ದರು. “ಬೇಜಾರ್ ಮಾಡ್ಕೋಬಾರ್ದು ನೋಡು.”

“ಇಲ್ಲಪ್ಪಾ,” ಎಂದ ಮಗ. ಕಡ್ಡಿ ಬಾಯಿಂದ ಬಿತ್ತು.

ಬೀದಿಯ ಕೊಳಾಯಿಯ ಹತ್ತಿರ ಪಕ್ಕದ ಮನೆಯ ಗೋವಿಂದಮ್ಮ ಆಗಲೇ ಕಾದಿದ್ದಳು. ಆ ಬೀದಿಯಲ್ಲಿ ಮಗು ಹುಟ್ಟಿದರೆ ತಾಯಿಗಿಂತ ಮೊದಲು ಅವಳಿಗೆ ನೋವು ಬರುತ್ತಿತ್ತು.

“ಟವೆಲ್ ನೋಡ್ದೆ ಕಣೋ! ಅಂತೂ ನಿಂಗೇ ಕಟ್ತಾವ್ರೆ ಪಟ್ಟ! ನಮ್ ಯಜಮಾನ್ರ ಸೊಂಟ ನೀನೇ ಹಿಡೀಬೇಕು ಇನ್ಮೇಲೆ.”

ಆ ಸೊಂಟವನ್ನು ನೆನೆದು ಆದಿನಾರಾಯಣ ಕೊಳಾಯಿಯನ್ನೇ ಹಿಡಿದುಕೊಂಡ. “ಗೋವಿಂದಮ್ಮ, ಯಾರಿಗೂ ಕೊಡಬಾರ್ದು ಅಂತೇನಾದ್ರೂ ಉಂಟಾ ಈ ಸೊಪ್ಪಿನ ವಿದ್ಯೆ?”

“ಉಂಟಲ್ಲ! ನಿಮ್ ದೊಡ್ಡಪ್ಪಂಗೆ ಯಾಕ್ ತಪ್ಪೋಯ್ತು ಅಂದ್ಕೊಂಡೆ? ಆವಯ್ಯ ಗರಡಿ ಉಸ್ತಾದ್ರ ಮುಂದೆ ತಲೆ ಬಗ್ಸಿ ಶಿಷ್ಯ ಆಗಿದ್ದ. ಬೇರೆ ಗುರುವಿಗೆ ಬಗ್ಗಿದ ತಲೇಗೆ ಸೊಪ್ಪಿನ ಹೆಸ್ರು ಹೇಳಂಗಿಲ್ಲ. ನಿಮ್ ತಾತ ಎಷ್ಟ್ ಅತ್ರು ಗೊತ್ತಾ, ಆದ್ರೂ ಹೇಳ್ಲಿಲ್ಲ.” ಬಿಂದಿಗೆ ತುಂಬಿ ಹರಿಯುತ್ತಿತ್ತು. “ಯಾಕೋ ಕೇಳ್ದೆ?”

“ಸುಮ್ನೆ,” ಎಂದವನ ಮುಖದಲ್ಲಿ ಸೂರ್ಯ ಹುಟ್ಟಿದ್ದ.

ಉಪಾಯ ಎಷ್ಟು ಸುಲಭವಾಗಿತ್ತೆಂದರೆ, ಅದನ್ನು ಕೇಳಿ ಗೆಳೆಯ ವಾಜಿದ್ ಸೈಕಲ್ಲಿನಿಂದ ಇಳಿದೇ ಬಿಟ್ಟ. ವಾಜಿದ್ ಒಂದು ವರ್ಷದಿಂದ ಕಾರ್ಖಾನೆಯಲ್ಲಿ ಫಿಟ್ಟರು. ಆದಿನಾರಾಯಣನ ಅರ್ಜಿ ಬರೆದುಕೊಟ್ಟವನೇ ಅವನು.

“ಒಂದೇ ಒಂದ್ ದಿನಕ್ಕೆ ಒಬ್ಬ ಗುರು ಬೇಕು ಮಗಾ,” ಎಂದ ಆದಿನಾರಾಯಣ. “ತಲೆ ಬಗ್ಸಿ ಬಂದ್ಬಿಡ್ತೀನಿ. ಸಂಜೆ ಅಪ್ಪಂಗೆ ಹೇಳ್ತೀನಿ, ನಾಳೆ ಕಾರ್ಖಾನೆಗ್ ಹೋಗ್ತೀನಿ.”

“ನಮ್ ಅಸ್ಗರ್ ಚಾಚಾ ಇದ್ದಾರಲ್ಲ! ಬ್ಯಾಂಡ್ ಉಸ್ತಾದ್. ಕೈಗೆ ಒಂದ್ ಕೆಂಪು ದಾರ ಕಟ್ತಾರೆ, ಶಾಗಿರ್ದ್ ಆದೆ, ಶಿಷ್ಯ ಆದೆ ಅಂತ. ಒಂದ್ ವಾರದೊಳಗೆ ಒದ್ದು ಓಡಿಸ್ತಾರೆ. ಇಲ್ಲಿತನಕ ಹನ್ನೊಂದು ಜನಾನ್ನ ಓಡ್ಸಿದ್ದಾರೆ. ಗ್ಯಾರಂಟಿ ಮಾಲು ಗುರು!”

ಆಗಿನ ಬ್ಲಾಕ್‌ಪಳ್ಳಿ, ಅಂದರೆ ಇವತ್ತಿನ ಶಿವಾಜಿನಗರ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅಸ್ಗರ್ ಉಸ್ತಾದರ ಮನೆ. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಮದುವೆಯಾದ ಅರ್ಧ ಜನ ಅವರ ಬ್ಯಾಂಡಿನ ಹಿಂದೆ ನಡೆದೇ ಮದುವೆಯಾದವರು. ಕೋಣೆಯ ಮಧ್ಯೆ ಯಾವುದೋ ಪಲ್ಟನ್ನಿನ ಹರಾಜಿನಲ್ಲಿ ಕೊಂಡ ಪಿತ್ತಾಳೆಯ ಬಾಜಾ ಇತ್ತು. ಹೆಬ್ಬಾವಿನ ಹಾಗೆ ಊದುವವನ ಮೈಸುತ್ತಿ, ಹೆಗಲ ಮೇಲಿಂದ ಎದ್ದು, ತಲೆಯ ಮೇಲೆ ಹಂಡೆಯಷ್ಟು ದೊಡ್ಡ ಬಾಯಿ ತೆರೆಯುವ ಬಾಜಾ.

“ಊದು,” ಎಂದರು ಉಸ್ತಾದರು.

ಆದಿನಾರಾಯಣ ಊದಿದ. ಕೆನ್ನೆ ಉಬ್ಬಿತು, ಕಣ್ಣು ಹೊರಬಂತು. ಬಾಜಾದಿಂದ ಮಾತ್ರ ಕುಡಿದು ಮಲಗಿದ ಎಮ್ಮೆಯ ನಿಟ್ಟುಸಿರಿನಂಥದೇನೋ ಹೊರಟು, ಬಾಗಿಲಲ್ಲಿದ್ದ ಕೋಳಿ ಎದ್ದುಹೋಯಿತು. ವಾಜಿದ್ ಖುಷಿಯಿಂದ ತೊಡೆ ತಟ್ಟಿಕೊಂಡ. ಇಂಥ ಶಾಗಿರ್ದ್ ಒಂದು ವಾರವೂ ಬಾಳುವುದಿಲ್ಲ.

ಉಸ್ತಾದರು ಹಣೆ ಚಚ್ಚಿಕೊಂಡು, ಹುಕ್ಕಾ ಎಳೆದರು. ಹೊಗೆ ನೆತ್ತಿಗೇರಿತು. ಅವರು ಕೆಮ್ಮಿದರು.

ಆದಿನಾರಾಯಣ ಥಟ್ಟನೆ ಎದ್ದು ನಿಂತ. ಮೈಮೇಲಿನ ಬಾಜಾ ಸಮೇತ ನಿಂತ. ಕೂಜಾದಿಂದ ನೀರು ಬಗ್ಗಿಸಿ ಎರಡೂ ಕೈಯಲ್ಲಿ ಕೊಟ್ಟ; ಕುಡಿದ ಲೋಟ ಇಸಿದುಕೊಂಡ; ದೂರ ಸರಿದಿದ್ದ ಅವರ ಮೆಟ್ಟನ್ನು ಕಾಲ ಬಳಿ ತಂದಿಟ್ಟು, ತಲೆ ಬಗ್ಗಿಸಿ ನಿಂತೇ ಇದ್ದ. ಅವನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಉಸ್ತಾದರು ಮಾತ್ರ ಲೋಟದ ನೀರೆಲ್ಲ ಕಣ್ಣಿಗೆ ಬಂದವರಂತೆ ನೋಡಿದರು.

“ವಾಜಿದ್,” ಎಂದರು. “ಹನ್ನೊಂದು ಶಾಗಿರ್ದ್ ಬಂದ್ರು. ಹನ್ನೊಂದು ಜನಾನೂ ಊದೋರೇ. ನಾನು ಕೆಮ್ಮಿ ಕೆಮ್ಮಿ ಸತ್ರೂ ಒಬ್ನೂ ಎದ್ದಿಲ್ಲ. ನಂದೇ ಮಗ ರೈಲ್ವೇಲಿ ಕ್ಲರ್ಕು. ಬಾಜಾ ಸದ್ದು ಕೇಳಿದ್ರೆ ತಲೆನೋವು ಅಂತಾನೆ ನವಾಬ! ಊದೋದು ನಾನ್ ಕಲಿಸ್ತೀನಿ. ಇದನ್ನ ಯಾರ್ ಕಲಿಸೋದು?” ಒಳಮನೆಯ ಕಡೆ ತಿರುಗಿ ಕೂಗಿದರು. “ಅರೇ, ಪಗಡಿ ತಗೊಂಡ್ ಬಾ!”

ವಾಜಿದನ ನಗು ಅರ್ಧಕ್ಕೆ ನಿಂತಿತು. “ಚಾಚಾ, ದಾರ... ದಾರ ಸಾಕು...”

“ನಕ್ಕೋ, ದಾರ ಬೇಡ! ದಾರ ಶಾಗಿರ್ದಿಗೆ. ಪಗಡಿ ಖಲೀಫಾಗೆ. ನನ್ ನಂತರ ಈ ಬ್ಯಾಂಡಿಗೆ ಯಾರು ಅಂತ ಮೊಹಲ್ಲಾ ಪೂರಾ ಕೇಳ್ತಿದೆ. ಆರಿಸ್ಬಿಟ್ಟೆ.”

ಹಸಿರು ಜರಿಯ ಪಗಡಿ ಆದಿನಾರಾಯಣನ ತಲೆಯನ್ನು ಏಳು ಸುತ್ತು ಸುತ್ತಿತು. ಬಾಯಿಗೆ ಕಲ್ಲುಸಕ್ಕರೆ ಬಿತ್ತು. ಪಕ್ಕದ ಮನೆಗಳಿಂದ ಹಿರಿಯರು ಬಂದು ಒಬ್ಬೊಬ್ಬರೇ ತಬ್ಬಿಕೊಂಡರು. ಬಾಜಾ ಅಡ್ಡಬಂದದ್ದರಿಂದ ಮೂಗಿಗೆ ಪೆಟ್ಟೂ ತಿಂದರು. ‘ಆಗಲ್ಲ’ ಎನ್ನಲು ಅವನು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಕಲ್ಲುಸಕ್ಕರೆ ಹಾಕಿದರು.

“ನಾಳೆ ಎಂಟಕ್ಕೆ ಫ್ರೇಜರ್ ಟೌನಲ್ಲಿ ಶಾದಿ,” ಎಂದರು ಉಸ್ತಾದರು. “ಊದ್ಬೇಡ, ಮುಂದೆ ನಡಿ, ಸಾಕು. ಬಾಜಾ ಮನೆಗ್ ತಗೊಂಡ್ ಹೋಗು. ಖಲೀಫಾ ಮನೇಲೇ ಇರ್ಬೇಕು ಅದು. ನಿಮ್ ಅಬ್ಬಾ ಹತ್ರ ನಾನ್ ಮಾತಾಡ್ತೀನಿ.”

ಓಣಿಗೆ ಬಂದ ಮೇಲೆ ವಾಜಿದ್ ಹೇಳಿದ: “ಗುರು, ನೀನ್ಯಾಕೋ ಎದ್ದು ನಿಂತೆ?”

“ಕೆಮ್ಮಿದ್ರಲ್ಲೋ!”

ವಾಜಿದನಿಗೆ ಅಲ್ಲಿ ಇನ್ನೂ ಕೆಲಸವಿತ್ತು. ಮೂಗಿಗೆ ಪೆಟ್ಟಾದ ಒಬ್ಬರು ಅವನ ಸೋದರಮಾವ. ಆದಿನಾರಾಯಣ ಒಬ್ಬನೇ ಹೊರಟ. ಬಿಸಿಲು ಇಳಿಯತೊಡಗಿತ್ತು. ಬಸ್ಸಿನವನು ಬಾಜಾ ನೋಡಿ ಬಸ್ಸನ್ನೇ ನಿಲ್ಲಿಸಲಿಲ್ಲ. ಎದುರಿಗೆ ಬಂದ ಇಬ್ಬರು ಸೋಲ್ಜರುಗಳು ಸೆಲ್ಯೂಟ್ ಹೊಡೆದರು. ಕಮರ್ಷಿಯಲ್ ಸ್ಟ್ರೀಟಿನ ತಿರುವಿನಲ್ಲಿ, ಅಷ್ಟು ಭಾರ ತಾಳದೆ, ಬಲಗಾಲಿನ ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತುಹೋಯಿತು. ಅದು ಅಪ್ಪ ಮೆಟ್ಟಿ ಬಿಟ್ಟ ಚಪ್ಪಲಿ. ಅದು ಸವೆಯುವ ತನಕ ಹೊಸದು ಕೊಳ್ಳುವುದು ಅಪ್ಪನಿಗೆ ಅಗೌರವ ಎಂದು ಅವನು ನಾಲ್ಕು ವರ್ಷದಿಂದ ಹೊಲಿಸಿ ಹೊಲಿಸಿ ಹಾಕಿಕೊಳ್ಳುತ್ತಿದ್ದ.

ಅಲ್ಲೇ ಲಿಯಾಂಗ್ ಎಂಬ ಚೀನೀ ಮುದುಕರ ಜೋಡಿನ ಅಂಗಡಿ ಇತ್ತು. ಮೂವತ್ತು ವರ್ಷದಿಂದ ದಂಡಿನ ದೊರೆಗಳ ಬೂಟು ಹೊಲಿದವರು. ಈಗ ಕೈ ನಡುಗುತ್ತಿತ್ತು. ಮೇಲ್ಹೊಲಿಗೆ ಹಾಕುವ ಪಟಾಲಮ್ಮ ಎಂಬ ಹೆಂಗಸನ್ನು ಬಿಟ್ಟರೆ ಅಂಗಡಿಯಲ್ಲಿ ಇನ್ನು ಯಾರೂ ಇರಲಿಲ್ಲ.

ಲಿಯಾಂಗರು ಚಪ್ಪಲಿಯನ್ನು ತಿರುವಿ ನೋಡಿದರು. ಹೊಲಿಗೆಯ ಮೇಲೆ ಹೊಲಿಗೆ, ತೇಪೆಯ ಮೇಲೆ ತೇಪೆ. “ಇದು ನಿಂದಾ?”

“ಅಪ್ಪಂದು ಸಾರ್. ಅವರು ಮೆಟ್ಟಿದ್ದು.”

ಮುದುಕರ ಹುಬ್ಬು ಮೇಲೆದ್ದಿತು. ಪಕ್ಕದ ಮಣೆಯ ಮೇಲಿದ್ದ ಟೀ ಬಟ್ಟಲಿಗೆ ಕೈ ಚಾಚಿದರು. ಬಟ್ಟಲು ಎಟುಕಲಿಲ್ಲ.

ಹಿರಿಯರು ಕೈ ಚಾಚಿದ ಮೇಲೆ ಆದಿನಾರಾಯಣ ಸುಮ್ಮನಿರುವುದೆಂತು? ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದ. ಬಗ್ಗಿ ಕೊಡೋಣವೆಂದರೆ ಬಾಜಾ ಮುಂದಕ್ಕೆ ಎಳೆಯಿತು. ಹಾಗಾಗಿ ಎರಡೂ ಮಂಡಿಯೂರಿ ಕೂತ. ಬಾಜಾದ ಬಾಯಿ ತಲೆಯನ್ನು ಒತ್ತುತ್ತಿದ್ದುದರಿಂದ ಹಣೆ ನೆಲದ ಹತ್ತಿರಕ್ಕೇ ಹೋಯಿತು. ಆ ಭಂಗಿಯಲ್ಲಿ ಬಟ್ಟಲನ್ನು ತಲೆಗಿಂತ ಮೇಲೆ ಹಿಡಿದು “ತಗೊಳ್ಳಿ ಸಾರ್” ಎಂದ.

ಪಟಾಲಮ್ಮನ ಹೊಲಿಗೆ ನಿಂತಿತು. ಲಿಯಾಂಗರು ಬಟ್ಟಲನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಒಂದು ತೊಟ್ಟೂ ಬಿಡದೆ ಕುಡಿದರು. ಎದ್ದು ಹೋಗಿ ಗೋಡೆಯ ಮೇಲಿದ್ದ ಹಿರಿಯರ ಪಟಕ್ಕೆ ಊದುಬತ್ತಿ ಹಚ್ಚಿದರು.

“ಟೀ ತುಂಬಾ ಚೆನ್ನಾಗಿತ್ತಾ?” ಎಂದು ಆದಿನಾರಾಯಣ ಪಟಾಲಮ್ಮನನ್ನು ಮೆಲ್ಲಗೆ ಕೇಳಿದ.

ಪಟಾಲಮ್ಮ ಸೂಜಿ ಕೆಳಗಿಟ್ಟಿದ್ದಳು. “ಏನಪ್ಪಾ ಮಾಡ್ಬಿಟ್ಟೆ! ಇವ್ರ ಕಡೆ ಹಿಂಗೆ ಮಂಡಿಯೂರಿ ಟೀ ಕೊಟ್ರೆ ಕೊಟ್ಟೋನು ಶಿಷ್ಯ. ಕುಡುದ್ರೆ ಕುಡುದೋರು ಗುರು. ಬರೀ ಗುರು ಅಲ್ಲ, ಅಪ್ಪ ಇದ್ದಂಗೆ. ಇವ್ರ ಮಗ ಕಲ್ಕತ್ತಾದಲ್ಲಿ ಹಲ್ಲು ಕೀಳ್ತಾನೆ, ಹತ್ತು ವರ್ಷ ಆಯ್ತು ಕಾಗ್ದ ಇಲ್ಲ. ಎಷ್ಟೋ ಜನ ಕೆಲ್ಸ ಕಲಿಯೋಕ್ ಬಂದು ಟೀ ಕೊಟ್ರು, ಇವ್ರು ಕುಡೀಲೇ ಇಲ್ಲ. ‘ಇವ್ನಲ್ಲ, ಇವ್ನಲ್ಲ’ ಅಂತ ಚೆಲ್ಬಿಡೋರು. ಇವತ್ತು ಕುಡುದ್ರು.”

ಆದಿನಾರಾಯಣ ಎದ್ದು ನಿಲ್ಲಲು ನೋಡಿದ. ಬಾಜಾ ಬಿಡಲಿಲ್ಲ. ಅಷ್ಟರಲ್ಲಿ ಲಿಯಾಂಗರು ಒಂದು ಮರದ ಪಾದ ತಂದು ಅವನ ಕೈಯಲ್ಲಿಟ್ಟರು. ಜೋಡು ಹೊಲಿಯುವಾಗ ಒಳಗಿಡುವ ಅಚ್ಚು. ಹಳೆಯದಾಗಿ, ಕೈಪಳಗಿ, ಜೇನಿನ ಬಣ್ಣಕ್ಕೆ ತಿರುಗಿತ್ತು.

“ನನ್ ಗುರು ನನಗ್ ಕೊಟ್ರು. ಈಗ ನಿಂದು,” ಎಂದರು. “ಅಪ್ಪನ ಹಳೇ ಚಪ್ಪಲಿ ಎಸೀದೋನು ನನ್ ಅಂಗಡೀನೂ ಎಸೆಯಲ್ಲ. ನಾಳೆ ಏಳು ಗಂಟೆ. ಬಾಗ್ಲು ನೀನು ತೆಗೀಬೇಕು, ಊದುಬತ್ತಿ ನೀನು ಹಚ್ಬೇಕು. ಚಪ್ಪಲಿ ನಾನ್ ಹೊಲಿದು ತರ್ತೀನಿ. ನಿಂ ಅಪ್ಪನ್ನ ನೋಡ್ಬೇಕು. ಮನೆ ಎಲ್ಲಿ?”

‘ಆಗಲ್ಲ’ ಎಂಬ ಮಾತು ಗಂಟಲಿನವರೆಗೆ ಬಂತು. ಮುದುಕರ ಕಣ್ಣು ನೋಡಿ ಅಲ್ಲಿಂದಲೇ ಹಿಂತಿರುಗಿತು. “ಹಲಸೂರು ಸಾರ್. ಕಟ್ಟಿನ ಸಂಜೀವಪ್ಪ ಅಂದ್ರೆ ಯಾರಾದ್ರೂ ತೋರಿಸ್ತಾರೆ,” ಎಂದ ಆದಿನಾರಾಯಣ. ಬೇರೆಯವರು ತಪ್ಪು ವಿಳಾಸ ಕೊಟ್ಟಿರುತ್ತಿದ್ದರು. ಅದಕ್ಕೂ ಬೇರೆ ನಾಲಿಗೆ ಬೇಕು.

ತಲೆಯ ಮೇಲೆ ಹಸಿರು ಪಗಡಿ, ಮೈಸುತ್ತ ಪಿತ್ತಾಳೆಯ ಹೆಬ್ಬಾವು, ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ಎದೆಗವಚಿದ ಮರದ ಪಾದ. ಈ ವೇಷದಲ್ಲಿ ಕುಂಟುತ್ತ ಅವನು ಕೆರೆಯ ಏರಿ ದಾಟುವುದನ್ನು ಗೋವಿಂದಮ್ಮ ದೂರದಿಂದಲೇ ಕಂಡಳು. ಕಣ್ಣು ಅವಳಿಗೆ ಅಷ್ಟಕ್ಕಷ್ಟೆ. ಬಾಯಿ ಮಾತ್ರ ಚುರುಕು.

“ಅಯ್ಯಯ್ಯೋ! ಆದೀ ಕಾಲು ಕಟ್ಟಾಗೋಗೈತೆ! ಕೈಯಲ್ಲಿ ಹಿಡ್ಕೊಂಡ್ ಬತ್ತಾವ್ನೆ!”

ಬೀದಿಗೆ ಬೀದಿಯೇ ಓಡಿಬಂತು. ಒಬ್ಬರು ಚಾಪೆ ತಂದರು, ಒಬ್ಬರು ಬಿಸಿನೀರು ತಂದರು. ಯಾರೋ ಮರದ ಪಾದವನ್ನು ಕಿತ್ತುಕೊಂಡು, ಬೆರಳಿಲ್ಲದ್ದನ್ನು ನೋಡಿ, ಬೆರಳು ಹುಡುಕಲು ಏರಿಯ ಕಡೆ ಓಡಿದರು. ಕಾಲು ಎರಡೂ ಇವೆ ಎಂದು ಪಂಚೆ ಎತ್ತಿ ತೋರಿಸಿದ ಮೇಲೂ ಗೋವಿಂದಮ್ಮನಿಗೆ ಪೂರ್ತಿ ನಂಬಿಕೆ ಬರಲಿಲ್ಲ. “ಎಣಿಸ್ರೋ ಸರ್ಯಾಗಿ,” ಎಂದಳು.

ಗದ್ದಲ ಕರಗುವಾಗ ದೀಪ ಹಚ್ಚುವ ಹೊತ್ತು. ಜಗಲಿಯ ಮೇಲೆ ಸಂಜೀವಪ್ಪನವರು ಕೂತಿದ್ದರು. ಮಗನ ತಲೆಯ ಮೇಲೇನಿದೆ, ಮೈಮೇಲೇನಿದೆ ಎಂದು ನೋಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮತ್ತೆ ಕಂಬದ ಕಡೆ ತಿರುಗಿದ್ದರು. ಆದಿನಾರಾಯಣ ಬಾಜಾವನ್ನು ಕಳಚಿ ಹೊಸಿಲ ಪಕ್ಕಕ್ಕಿಟ್ಟು, ದಾರಿಯುದ್ದಕ್ಕೂ ಉರುಹೊಡೆದ ಮಾತು ಶುರುಮಾಡಿದ.

“ಅಪ್ಪಾ, ಸೊಪ್ಪಿನ ವಿಷಯ...”

“ಗೊತ್ತಾಗ್ಬಿಡ್ತಾ?” ಸಂಜೀವಪ್ಪನವರು ಬೆಚ್ಚಿದರು. “ಹೇಳ್ಬಿಟ್ಟೆ ಕಣೋ. ಮಧ್ಯಾಹ್ನಾನೇ ಹೇಳ್ಬಿಟ್ಟೆ.”

“ಯಾರಿಗೆ?”

ಒಳಗಿನಿಂದ ಯಶೋದೆ ದೀಪ ಹಿಡಿದು ಬಂದಳು. ಸೆರಗಿನ ಮೇಲೆ, ಎಡಹೆಗಲಿನಿಂದ ಇಳಿಬಿದ್ದಿತ್ತು ಬಿಳಿ ಟವೆಲ್ಲು. ನಾಲ್ಕು ಮೂಲೆಗೂ ಅರಿಸಿನ. ಈ ಸಲ ಅವಳ ಎರಡೂ ಕಿವಿ ಕೆಂಪಾಗಿದ್ದವು, ಬಲಗಿವಿ ಸ್ವಲ್ಪ ಹೆಚ್ಚು.

“ನೀನು ಹಿರೀಮಗ. ನಿಂಗೇ ಸೇರ್ಬೇಕಾದ್ದು,” ಸಂಜೀವಪ್ಪನವರ ದನಿ ಇಳಿಯಿತು. “ಆದ್ರೆ ಏನ್ಮಾಡ್ಲಪ್ಪಾ, ಮೂಳೆ ಸದ್ದಾದ್ರೆ ನೀನು ನೆಲ ನೋಡ್ತೀಯ, ಇವಳು ರೋಗೀನ ನೋಡ್ತಾಳೆ. ಈ ಕೈಗೇ ಕೊಡ್ಬೇಕು ಅಂತ ಆರಿಸ್ದೆ. ನಿಂಗ್ ಹೇಗ್ ಹೇಳೋದು ಅಂತ ಆರು ತಿಂಗ್ಳು ನಿದ್ದೆ ಇಲ್ಲ ನಂಗೆ. ಮಗ ನನ್ ಮಾತಿಗೆ ಎದುರಾಡಲ್ಲ, ಒಳಗೊಳಗೇ ಕೊರಗ್ತಾನೆ ಅಂತ... ಬೇಜಾರಾಯ್ತೇನೋ?”

ಆದಿನಾರಾಯಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆಳಗಿನಿಂದ ಹೊತ್ತದ್ದು, ಬಗ್ಗಿದ್ದು, ಕುಂಟಿದ್ದು ಎಲ್ಲ ಒಮ್ಮೆ ಕಣ್ಣಮುಂದೆ ಹಾದುಹೋಯಿತು. ಸುಮ್ಮನೆ ಮನೆಯಲ್ಲಿ ಚಾಪೆ ಹಾಸಿ ಮಲಗಿದ್ದರೂ ಈ ಸಂಜೆ ಹೀಗೇ ಬರುತ್ತಿತ್ತು! ಹೋಗಲಿ, ಈಗಲಾದರೂ ಬಂತಲ್ಲ. ಇನ್ನು ತಡೆಯುವವರು ಯಾರು? ತಗಡು, ರಿವೆಟ್ಟು, ಏಳು ಗಂಟೆ!

“ಬೇಜಾರೇ ಇಲ್ಲಪ್ಪಾ! ನಾನೂ ಒಂದ್ ವಿಷಯ...” ಎನ್ನುತ್ತ ಅವನು ಒಳಜೇಬಿಗೆ ಕೈಹಾಕಿದ.

ಆಗಲೇ ಮನೆಯ ಮುಂದೆ ಜಟಕಾ ನಿಂತಿತು. ಅದರ ಹಿಂದೆಯೇ ಒಂದು ರಿಕ್ಷಾ.

ಜಟಕಾದಿಂದ ಮಿಠಾಯಿ ಬುಟ್ಟಿಯೊಂದಿಗೆ ಅಸ್ಗರ್ ಉಸ್ತಾದರು ಇಳಿದರು; ಹಿಂದೆ ಮುಖ ಸಣ್ಣದು ಮಾಡಿಕೊಂಡ ವಾಜಿದ್. ರಿಕ್ಷಾದಿಂದ ಟೀ ಡಬ್ಬಿ ಮತ್ತು ಹೊಲಿದ ಚಪ್ಪಲಿ ಹಿಡಿದು ಲಿಯಾಂಗರು ಇಳಿದರು. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿ, ಇಬ್ಬರೂ ಒಟ್ಟಿಗೆ ಸಂಜೀವಪ್ಪನವರಿಗೆ ಕೈಮುಗಿದು, ಇಬ್ಬರೂ ಒಂದೇ ಮಾತು ಹೇಳಿದರು: ನಿಮ್ಮ ಮಗನನ್ನು ನನಗೆ ಕೊಡಿ.

ವಿಷಯ ಬಿಡಿಸಿಕೊಳ್ಳಲು ಸಂಜೀವಪ್ಪನವರಿಗೆ ಒಂದು ಎಲೆ ಅಡಿಕೆಯಷ್ಟು ಹೊತ್ತು ಹಿಡಿಯಿತು. ತಿಳಿದ ಮೇಲೆ ಅವರ ಎದೆ ಬಾಜಾದ ಬಾಯಷ್ಟು ಅಗಲವಾಯಿತು.

“ನಾನು ಕೊಡ್ಲಿಲ್ಲ ಅಂತ ಕೊರಗ್ತಿದ್ದೆ, ಇಬ್ರು ಹಿರಿಯರು ಕರೆದು ಕೊಟ್ಟಿದ್ದಾರೆ! ಪಗಡಿ ಕಟ್ಟಿಸ್ಕೊಂಡ್ಯಾ? ಟೀ ಕೊಟ್ಯಾ? ಒಪ್ಕೊಂಡ್ಯೇನೋ ಆದೀ?”

ಮೂರು ಜೊತೆ ಮುದಿಕಣ್ಣುಗಳು ಅವನ ಮೇಲೆ ನೆಟ್ಟವು. ಜೇಬಿನಲ್ಲಿದ್ದ ಬೆರಳುಗಳು ಕಾಗದವನ್ನು ಬಿಟ್ಟವು.

“...ಹೂಂ.”

“ಹಾಗಾದ್ರೆ ಬೆಳಿಗ್ಗೆ ಏಳಕ್ಕೆ ಅಂಗಡಿ,” ಎಂದರು ಲಿಯಾಂಗರು.

“ಎಂಟಕ್ಕೆ ಶಾದಿ ಐತೆ ಸಾಹೇಬ್!”

“ಏಳಕ್ಕೆ ಬಾಗ್ಲು ತೆಗೀಲಿ, ಎಂಟಕ್ಕೆ ಕಳಿಸ್ತೀನಿ.”

“ಹಬ್ಬದ ದಿನ ಮನೇಲಿರ್ಲಿ,” ಎಂದು ಸಂಜೀವಪ್ಪನವರು ತಮ್ಮ ಪಾಲನ್ನೂ ಕೇಳಿದರು. ಹಲಸಿನ ಹಣ್ಣು ಹಂಚಿಕೊಳ್ಳುವಷ್ಟು ಸಲೀಸಾಗಿ ಮೂವರೂ ಅವನ ವಾರವನ್ನು ತೊಳೆ ತೊಳೆಯಾಗಿ ಬಿಡಿಸಿ ಹಂಚಿಕೊಂಡರು. ಅಂಟು ಮಾತ್ರ ಅವನ ಕೈಗೆ ಉಳಿಯಿತು. ಕಂಬದ ಮರೆಯಿಂದ ವಾಜಿದ್ ‘ಹೇಳೋ, ಕಾಗದ ತೋರ್ಸೋ’ ಎಂದು ಸನ್ನೆ ಮಾಡುತ್ತಲೇ ಇದ್ದ.

ಹೇಳಿಯೇಬಿಡೋಣ ಎಂದು ಆದಿನಾರಾಯಣ ಉಸಿರೆಳೆದ. ಸಂಜೀವಪ್ಪನವರು ಅಂದರು: “ನಿಂತಿದ್ದೀಯಲ್ಲೋ, ಹಿರಿಯರಿಗೆ ನೀರು ತಗೊಂಡ್ ಬಾ.”

ಅವನು ತಿರುಗಿ ಓಡಿದ. ಹೊಸಿಲ ಪಕ್ಕ ಬಾಜಾ ಬಾಯಿ ತೆರೆದು ಕಾದಿತ್ತು. ಕಾಲು ಅದರೊಳಗೆ ಹೋಯಿತು. ಕೈ ನೆಲಕ್ಕೆ ಬಡಿಯಿತು. ಬೆಳಗಿನಿಂದ ಹೊರಡದ ನಾದ ಈಗ ಬಾಜಾದಿಂದ ಗುಂಯ್ ಎಂದು ಹೊರಟಿತು. “ವಾಹ್!” ಎಂದರು ಉಸ್ತಾದರು ಅಭ್ಯಾಸಬಲದಿಂದ.

ಅದರ ಹಿಂದೆಯೇ ಯಶೋದೆಯ ದನಿ: “ಮಣಿಕಟ್ಟು ಮುರಿದಿದೆ. ಯಾರೂ ಮುಟ್ಬೇಡಿ. ರೀ, ಆ ದೀಪ ನೋಡ್ತಿರಿ.”

ಲಟಕ್.

ಆದಿನಾರಾಯಣನಿಗೆ ದೀಪ ಕಾಣಿಸುವುದು ನಿಂತಿತು.

ಎಚ್ಚರವಾದಾಗ ಅವನು ಜಗಲಿಯ ಚಾಪೆಯ ಮೇಲಿದ್ದ. ಬಲಗೈಗೆ ಬೆರಳ ತುದಿಯಿಂದ ಮೊಣಕೈವರೆಗೆ ಕಟ್ಟು. ನೋವು ಹೆಚ್ಚಿರಲಿಲ್ಲ. “ಇಂಥ ಕಟ್ಟು ನಾನೂ ಕಟ್ಟಿಲ್ಲ,” ಎಂದು ಸಂಜೀವಪ್ಪನವರು ಗೋವಿಂದಮ್ಮನಿಗೆ ಹೇಳುತ್ತಿದ್ದರು. “ಆರು ವಾರ ಬಿಚ್ಚಂಗಿಲ್ಲ.”

ಆರು ವಾರ! ಆದಿನಾರಾಯಣನಿಗೆ ಮಿಂಚು ಹೊಡೆಯಿತು. “ಉಸ್ತಾದ್, ಕೈ ಹೀಗಾದ್ಮೇಲೆ ಬಾಜಾ...”

“ಊದೋದು ಬಾಯಲ್ಲಿ ಬೇಟಾ,” ಎಂದು ಉಸ್ತಾದರು ಅವನ ತಲೆ ನೇವರಿಸಿದರು.

“ಸಾರ್, ಸೂಜಿ ಹಿಡಿಯೋಕೆ...”

“ಮೊದಲ್ನೇ ವರ್ಷ ಸೂಜಿ ಮುಟ್ಟೋ ಹಾಗಿಲ್ಲ. ಬರೀ ನೋಡೋದು,” ಎಂದರು ಲಿಯಾಂಗರು ಸಮಾಧಾನವಾಗಿ.

ಇರಲಿ. ಕಾರ್ಖಾನೆಯ ಗೇಟಿಗಾದರೂ ಹೋಗಿ, ಕಾಗದ ತೋರಿಸಿ, ಆರು ವಾರ ಅವಧಿ ಕೇಳಬಹುದು. ವಾಜಿದ್ ಒಂದು ಮಾತು ಹೇಳುತ್ತಾನೆ. ಎಡಗೈಯನ್ನು ಒಳಜೇಬಿಗೆ ತೂರಿಸಿದ. ಜೇಬು ಖಾಲಿ.

“ಯಶೋದೆ,” ಪಿಸುಗುಟ್ಟಿದ, “ಜೇಬಲ್ಲಿ ಒಂದ್ ಕಾಗದ ಇತ್ತಲ್ಲ?”

“ಹೂಂ, ಇಂಗ್ಲಿಷಿಂದು. ಏನೋ ಸಾಬೂನಿನ ಜಾಹೀರಾತು ಅಂದ್ಕೊಂಡೆ,” ಎಂದಳು ಅವಳು, ಟವೆಲ್ಲಿನ ಮೂಲೆಯಿಂದ ಅವನ ಹಣೆ ಒರೆಸುತ್ತ. “ದಬ್ಬೆ ಒತ್ತಬಾರ್ದು ಅಂತ ಒಳಗೆ ದಪ್ಪ ಕಾಗದ ಇಡ್ಬೇಕಿತ್ತು. ಒಳ್ಳೇ ಗಟ್ಟಿ ಕಾಗದ ರೀ. ಹಿಟ್ಟಿನ ಜೊತೆ ಚೆನ್ನಾಗಿ ಹಿಡ್ಕೊಂಡಿದೆ.”

ಆದಿನಾರಾಯಣ ಕಟ್ಟನ್ನು ನೋಡಿದ. ದಬ್ಬೆಗಳ ಸಂದಿಯಿಂದ ಕಾರ್ಖಾನೆಯ ನೀಲಿ ಮೊಹರಿನ ಕಾಲುಭಾಗ, ಉದ್ದಿನ ಹಿಟ್ಟು ಮೆತ್ತಿಕೊಂಡು, ಹೊರಗೆ ಇಣುಕುತ್ತಿತ್ತು. ವಾಜಿದ್ ಮುಖ ಆಚೆ ತಿರುಗಿಸಿಕೊಂಡ. ಅವನ ಭುಜಗಳು ಕುಲುಕುತ್ತಿದ್ದವು. ಅಳುವೋ ನಗುವೋ, ಹಿಂದಿನಿಂದ ಗೊತ್ತಾಗುವಂತಿರಲಿಲ್ಲ.

ಮೂವರು ಮುದುಕರೂ ಗೆಳೆಯರಾಗಿಬಿಟ್ಟಿದ್ದರು. ಉಸ್ತಾದರ ಜಟಕಾದಿಂದ ಹುಕ್ಕಾ ಇಳಿಯಿತು. ಲಿಯಾಂಗರು ಒಂದು ದಮ್ಮು ಎಳೆದು ನೋಡಿದರು, ಸಂಜೀವಪ್ಪನವರೂ ಬೇಡ ಬೇಡ ಎನ್ನುತ್ತ ಎಳೆದರು. ಹೊಗೆ ಜಗಲಿಯ ತುಂಬ ತುಂಬಿಕೊಂಡಿತು.

ಮೊದಲು ಉಸ್ತಾದರು ಕೆಮ್ಮಿದರು. ಆಮೇಲೆ ಲಿಯಾಂಗರು. ಆಮೇಲೆ ಅಪ್ಪ.

ಆದಿನಾರಾಯಣ ಕಟ್ಟಿದ ಕೈಯನ್ನು ಎದೆಗವಚಿಕೊಂಡು, ಚಾಪೆಯ ಮೇಲಿಂದ ಮೆಲ್ಲಗೆ ಎದ್ದು ನಿಂತ.